ಪಂಪಿಲ್ಲದ ಗಾಡಿ

"ಬಿಗಿ! ಇನ್ನಷ್ಟು ಬಿಗಿ! ತಿರುವಿನ್ಯಾಗ ವಾಲಿದ್ರ ಹಿಡಿಯಾವ್ರು ಯಾರೋ?"

ಬಂಡೆಪ್ಪ ಧೋತರದ ತುದಿಯನ್ನು ಸೀಟಿನ ಹಿಂದಕ್ಕೆ ಎಸೆದ. ಚಂದ್ರಾಮ ಅದನ್ನು ಹಿಡಿದು, ಗಾಡಿಯ ಹಿಂಬದಿಗೆ ಕಾಲು ಕೊಟ್ಟು ಎಳೆದ. ಸೊಂಟಕ್ಕೆ ಎರಡು ಸುತ್ತು, ಎದೆಗೆ ಒಂದು ಸುತ್ತು. ಶಿವಪುತ್ರಪ್ಪ ಮಿಸ್ತ್ರಿ ಅಲುಗಲಿಲ್ಲ. ನಿನ್ನೆ ಸಂಜೆ ಉಸಿರು ನಿಂತ ಕೂಡಲೇ ಅವನನ್ನು ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಈಗ ಮೈ ಹಾಗೆಯೇ ಸೆಟೆದಿತ್ತು. ಸೀಟಿನ ಮೇಲೆ ಹಲಗೆ, ಹಲಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಮಿಸ್ತ್ರಿ. ಹಣೆಗೆ, ತೋಳಿಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಉಗುರ ಸಂದಿಯ ಗ್ರೀಸು ಮಾತ್ರ ಹೆಂಡತಿ ದಾನವ್ವ ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಿರಲಿಲ್ಲ.

ಮುನಸಿಪಾಲ್ಟಿಯ ಹೆಣದ ಗಾಡಿಯಲ್ಲಿ ಮಲಗುವವರಿಗೆ ಮಾತ್ರ ಜಾಗ. ಇವರು ಕೂತೇ ಹೋಗುವ, ಕೂತೇ ಮಣ್ಣಾಗುವ ಜನ. ಊರಾಗಿದ್ದರೆ ವಿಮಾನ ಕಟ್ಟಿ, ಹೆಗಲ ಮೇಲೆ ಹೊತ್ತು, ಸ್ವಂತ ಹೊಲದ ಬದುವಿನಲ್ಲಿ ಇಳಿಸಿದರೆ ಮುಗಿಯಿತು. ಇಲ್ಲಿ ವಿಕ್ರೋಳಿಯ ಪಾರ್ಕ್‌ಸೈಟ್ ಗುಡ್ಡದಿಂದ ಕುರ್ಲಾ ದಾಟಿ, ಸಮುದ್ರ ಒಳಗೆ ಚಾಚಿದ ಖಾಡಿಯ ದಂಡೆಯ ರುದ್ರಭೂಮಿಯವರೆಗೆ ಐದು ಮೈಲಿ. ಅಷ್ಟು ದೂರ ಹೊರಬಲ್ಲ ಹೆಗಲುಗಳಲ್ಲಿ ಅರ್ಧಕ್ಕರ್ಧ ಮೊದಲ ಪಾಳಿಗೆ ಫ್ಯಾಕ್ಟರಿಯೊಳಗೆ ಹೋಗಿದ್ದವು. ಆಗ ದಾನವ್ವನೇ ಬಾಯಿ ಬಿಟ್ಟಿದ್ದಳು: "ಶೇಟ್‌ರ ಗಾಡಿ ಕೇಳ್ರಿ. ಇಪ್ಪತ್ತೆರಡ ವರ್ಷ ಅದರ ಕೆಳಗ ಮಲಗ್ಯಾರ. ಒಂದ ದಿನಾ ಮ್ಯಾಲೆ ಕುಂತಿಲ್ಲ."

ಹೋರಮಸ್‌ಜಿ ಶೇಟ್‌ನ ಗಾಡಿ ಇಪ್ಪತ್ತೆಂಟನೇ ಇಸವಿಯ ವಿಲಾಯತಿ ಮಾಲು. ಬಟ್ಟೆಯ ಟಪ್ಪು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಆಕಾಶ. ದಾದರಿನ ಗ್ಯಾರೇಜಿನಲ್ಲಿ ಎಲ್ಲರೂ ಅದನ್ನು ಮುದುಕಿ ಎನ್ನುತ್ತಿದ್ದರು. ಮೊಣಕಾಲು ಬಾತು ಮಂಚ ಹಿಡಿದಿದ್ದ ಶೇಟ್ ನಸುಕಿನಲ್ಲಿ ಕೀಲಿಯನ್ನು ಮಿಸ್ತ್ರಿಯ ಶಿಷ್ಯ ಚಂದ್ರಾಮನ ಕೈಗಿಟ್ಟು, "ಲೇ ಜಾ. ಉಸ್‌ನೇ ಇಸ್ಕೋ ಜಿಂದಾ ರಖಾ" ಎಂದು ಗೋಡೆಯ ಕಡೆ ತಿರುಗಿದ್ದ.

"ಈಗ ಎಲ್ಲಾರೂ ಕೇಳ್ರಿ," ಬಂಡೆಪ್ಪ ದನಿ ಎತ್ತಿದ. ಚಾಳಿನಲ್ಲಿ ಸತ್ತವರ ಕೆಲಸವೆಂದರೆ ಅವನದೇ ದರಬಾರು. "ಇವತ್ತ ಅಮಾಸಿ. ಒಂದು ಗಂಟೆಕ್ಕ ಭರತಿ. ಖಾಡಿ ನೀರು ರುದ್ರಭೂಮಿ ಅಡೀಲೆ ಏರ್ತದ. ಖಂಡಪ್ಪ ನಸುಕಿನ್ಯಾಗ ಎದ್ದು ಕುಣಿ ತೋಡ್ಯಾನ. ಹನ್ನೊಂದೂವರಿ ಒಳಗ ಮುಟ್ಟಿದ್ರ ಒಣಾ ಮಣ್ಣು. ಆಮ್ಯಾಲೆ ಅಂದ್ರ ಕುಣಿಯಾಗ ನೀರು ಬರ್ತದ, ಗ್ವಾಡಿ ಕುಸೀತದ. ಮತ್ತೊಂದು ತೋಡಾಕ ಅಲ್ಲಿ ಜಾಗ ಇಲ್ಲ."

"ಈಗೆಷ್ಟ?" ಜಂಗಮಯ್ಯ ಕೇಳಿದ.

"ಒಂಬತ್ತೂವರಿ. ನಡಕೊಂತ ಹೋದ್ರೂ ಬೇಕಾದಷ್ಟು ಹೊತ್ತೈತಿ. ಏನೋ ಚಂದ್ರಾಮ, ಈ ಹಳೇ ಡಬ್ಬಿ ನಡುದಾರ್ಯಾಗ ಕುದಿಯೂದಿಲ್ಲ ಹೌದಲ್ಲೋ?"

ಚಂದ್ರಾಮ ಬಾಯಿ ತೆರೆಯುವ ಮೊದಲೇ ದಾನವ್ವ ಹೇಳಿದಳು: "ಅವ್ರು ಕೈ ಇಟ್ಟ ಗಾಡಿ, ಬಂಡೆಪ್ಪ. ಅದ್ಯಾಕ ಕುದೀತದ?"

ಚಂದ್ರಾಮ ಆಗಲೇ ಬಿಗಿದಿದ್ದ ಗಂಟನ್ನು ಮತ್ತೊಮ್ಮೆ ಬಿಗಿದ. "ಇಲ್ಲ. ಕುದಿಯೂದಿಲ್ಲ."

ಇಂಜಿನ್ನಿನಿಂದ ನೀರು ಮೇಲಕ್ಕೆ ಹೊರಡುವ ಬಾಯಿಯೊಳಗೆ, ಮೇಲಿನ ಪೈಪಿನ ಬುಡದಲ್ಲಿ, ಅಂಗೈಯಲ್ಲಿ ಅಡಗುವಷ್ಟು ದೊಡ್ಡ ಒಂದು ಹಿತ್ತಾಳೆಯ ಬಿಲ್ಲೆ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವನು ಚಂದ್ರಾಮ. ಹಾಗಂತ ಈ ಗುಡ್ಡದ ಮೇಲೆ ಅವನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಮಗ ಇದ್ದಿದ್ರ ಮುಂದ ಇರ್ತಿದ್ದ," ದಾನವ್ವ ಅವನ ತೋಳು ಮುಟ್ಟಿ ಅಂದಳು. "ಇಲ್ಲ. ನೀನಾ ಒಯ್ಯಿ ಯಪ್ಪಾ ಅವ್ರನ್ನ."

*

ಅರವತ್ತೆಂಟರಲ್ಲಿ ಇಂಡಿಯಿಂದ ಮುಂಬಯಿಗೆ ಬಂದಿಳಿದಾಗ ಚಂದ್ರಾಮನಿಗೆ ಹದಿನೆಂಟು. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ. ಬಿಟ್ಟಿದ್ದಲ್ಲ, ಮಾಸ್ತರನ ಕೈಯಿಂದ ಬೆತ್ತ ಕಸಿದು ಮುರಿದಿದ್ದಕ್ಕೆ ಹೊರಗೆ ಹಾಕಿದ್ದರು. ಯಾರು ಏನು ಹೇಳಿದರೂ ಮೈಯೆಲ್ಲ ಉರಿಯುವ ಪ್ರಾಯ. ಶಿವಪುತ್ರಪ್ಪ ಊರ ಕಡೆಯವನೆಂಬ ಒಂದೇ ಎಳೆ ಹಿಡಿದು ದಾದರಿನ ಗ್ಯಾರೇಜಿಗೆ ಹೋದರೆ, ಆ ಮನುಷ್ಯ ಹೆಸರು ಕೂಡ ಕೇಳದೆ ಒಂದು ತಂಬಿಗೆ ಕೊಟ್ಟು, "ನಡಿ ಗುಜರಿಗೆ" ಅಂದಿದ್ದ.

ಮುದುಕಿಯ ರೇಡಿಯೇಟರ್ ಸೋರಲು ಶುರುವಾಗಿದ್ದ ಕಾಲ ಅದು. ಬೆಸುಗೆಯ ಮೇಲೆ ಬೆಸುಗೆ ಬಿದ್ದು ತಗಡಿನಲ್ಲಿ ಇನ್ನು ಹಿಡಿಯಲು ಜಾಗವಿರಲಿಲ್ಲ. ಹೊಸ ಒಳಗೂಡು ಬೇಕು. ಕಂಪನಿ ಎಂದೋ ಮುಚ್ಚಿತ್ತು. ಆ ಗಾಡಿಯದೇ ಮಾಲು ಸಿಗುವ ಮಾತೇ ಇಲ್ಲ. ಬೇರೆ ಯಾವುದೋ ಗಾಡಿಯದನ್ನು ತಂದು ಹೊಂದಿಸಬೇಕು. ಕುರ್ಲಾದ ಗುಜರಿ ಅಂಗಡಿಗಳಲ್ಲಿ ಲಾರಿಯದು, ಬಸ್ಸಿನದು, ಮಿಲಿಟರಿ ಜೀಪಿನದು, ರೇಡಿಯೇಟರುಗಳು ಗೋಡೆಗೆ ಸಾಲಾಗಿ ಒರಗಿದ್ದವು. ಚಂದ್ರಾಮ ಥಳಥಳ ಹೊಳೆಯುವ ಒಂದನ್ನು ಎತ್ತಿ ತೋರಿಸಿದ.

"ಇದು ಹೊಸಾದು ಕಾಕಾ. ಸಣ್ಣ ಸಣ್ಣ ಕೊಳವಿ, ಎಷ್ಟ ಅದಾವ ನೋಡ್ರಿ."

ಮಿಸ್ತ್ರಿ ಅದನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ತಂಬಿಗೆಯ ನೀರನ್ನು ಮೇಲಿನ ಬಾಯಿಗೆ ಸುರಿದ. ನೀರು ಕೊಳವೆಗಳಲ್ಲಿ ಕೊಸಕೊಸ ಅಂದು, ತಡೆದು ತಡೆದು ಕೆಳಗಿಳಿಯಿತು. ತಲೆಯಾಡಿಸಿ ಪಕ್ಕಕ್ಕಿಟ್ಟ. ಇನ್ನೊಂದು. ಮತ್ತೊಂದು. ಅಂಗಡಿಯವನು ಬೀಡಿ ಹಚ್ಚಿ, "ಆಯಾ ಲೋಟಾವಾಲಾ. ಅರೇ ಮಿಸ್ತ್ರಿ, ರೇಡಿಯೇಟರ್ ಲೇನೇಕು ಆಯಾ ಕೀ ನಹಾನೇಕು?" ಎಂದು ಸುತ್ತಲಿನವರನ್ನು ನಗಿಸಿದ. ಮಿಸ್ತ್ರಿಯೂ ನಕ್ಕ. ಹನ್ನೊಂದನೆಯದು ಜಂಗು ಹಿಡಿದ, ಯಾವುದೋ ಟ್ರಾಕ್ಟರಿನ ಗೂಡು, ಕೊಳವೆಗಳು ಕಿರುಬೆರಳು ಹೋಗುವಷ್ಟು ದಪ್ಪ. ನೀರು ಒಂದೇ ಗುಟುಕಿಗೆ ಗಬಕ್ಕನೆ ಕೆಳಗೆ ಬಿತ್ತು.

"ಇದು," ಎಂದ ಮಿಸ್ತ್ರಿ.

"ಈ ಹೊಲಸು?" ಚಂದ್ರಾಮನಿಗೆ ರೇಗಿತು.

"ಹೊಸಾ ಗಾಡಿಗೆ ಪಂಪ್ ಇರ್ತದ. ನೀರನ್ನ ಹೊಡದು ಹೊಡದು ನೂಕ್ತದ. ಸಣ್ಣ ಕೊಳವ್ಯಾಗೂ ಹೊಕ್ಕೊಂಡು ಹೋಗ್ತದ. ಮುದುಕಿಗೆ ಪಂಪ್ ಇಲ್ಲ. ಬಿಸಿನೀರು ತಾನಾ ಮ್ಯಾಲೆ ಏರಬೇಕು, ತಣ್ಣಗಾಗಿ ತಾನಾ ಕೆಳಗ ಇಳೀಬೇಕು. ಅದನ್ನ ಯಾರೂ ನೂಕೂದಿಲ್ಲ. ಕೊಳವಿ ದೊಡ್ಡದಿರಬೇಕು, ಪೈಪ್ ಏರಾಗಿರಬೇಕು, ನಡುವ ಏನೂ ಇರಬಾರದು. ನಮ್ಮ ಕೆಲಸ ಏನಪಾ ಅಂದ್ರ, ಅಡ್ಡ ನಿಲ್ಲದಿರೂದು."

ಇದೊಂದು ವಿದ್ಯೆಯೇ ಎಂದು ಚಂದ್ರಾಮ ಅಂದುಕೊಂಡ. ಆ ಟ್ರಾಕ್ಟರಿನ ಗೂಡನ್ನು ಕತ್ತರಿಸಿ, ಬೆಸೆದು, ಮುದುಕಿಯ ಮೂತಿಗೆ ಹೊಂದಿಸಲು ಮಿಸ್ತ್ರಿ ಹತ್ತೊಂಬತ್ತು ದಿನ ತೆಗೆದುಕೊಂಡ. ಮಧ್ಯಾಹ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸಂಜೆ ಆರೂ ಹತ್ತರ ಲೋಕಲ್. ಭಾನುವಾರ ದಾನವ್ವನ ಜೊತೆ ಗುಡ್ಡದ ನಳಕ್ಕೆ ನೀರಿಗೆ ಹೋಗುವುದು. ಇಷ್ಟೇ ಅವನ ಬದುಕು. ಸ್ವಂತ ಗ್ಯಾರೇಜು ಬೇಡ, ಎದುರುಮಾತು ಬೇಡ. ಯಾರಾದರೂ ಬೈದರೆ ಕೈ ಒರೆಸಿಕೊಂಡು ನಿಲ್ಲುತ್ತಿದ್ದ. ಅವನ ಬದಲು ಚಂದ್ರಾಮ ಜಗಳಕ್ಕೆ ಹೋಗುತ್ತಿದ್ದ, ಮತ್ತು ಮಿಸ್ತ್ರಿಯ ಮೇಲೇ ಹೆಚ್ಚು ಸಿಟ್ಟು ಮಾಡಿಕೊಳ್ಳುತ್ತಿದ್ದ.

*

ಗುಡ್ಡ ಇಳಿದು ಆಗ್ರಾ ರೋಡ್ ಸೇರುವಷ್ಟರಲ್ಲಿ ಹತ್ತು. ಮೇ ತಿಂಗಳ ಬಿಸಿಲು ಡಾಂಬರಿನ ಮೇಲೆ ಕುಣಿಯುತ್ತಿತ್ತು. ಮುಂದೆ ಭಜನೆಯವರು ತಾಳ ಬಾರಿಸುತ್ತ ನಡೆದಿದ್ದರು; ಹಿಂದಿನ ಸೀಟಿನಲ್ಲಿ ಮಿಸ್ತ್ರಿಯ ಎಡಕ್ಕೆ ಬಂಡೆಪ್ಪ, ಬಲಕ್ಕೆ ಗಂಟೆ ಹಿಡಿದ ಜಂಗಮಯ್ಯ. ದಾನವ್ವ ಗಾಡಿಯ ಬಾಗಿಲು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದಳು. ಹತ್ತಿ ಕೂತುಕೋ ಎಂದರೆ ಒಪ್ಪಿರಲಿಲ್ಲ.

ಹಿಂದಿನದನ್ನು ತೋರಿಸುವ ಪುಟ್ಟ ಕನ್ನಡಿಯನ್ನು ಚಂದ್ರಾಮ ಬೆಳಿಗ್ಗೆಯೇ ಆಕಾಶಕ್ಕೆ ತಿರುಗಿಸಿದ್ದ. ಅವನ ಕಣ್ಣು ರೇಡಿಯೇಟರಿನ ಮುಚ್ಚಳದ ಮೇಲಿತ್ತು. ಮುಚ್ಚಳದ ತುದಿಗೊಂದು ದುಂಡನೆಯ ಗಾಜಿನ ಗೂಡು, ಗೂಡಿನೊಳಗೆ ಜ್ವರದ ಕಡ್ಡಿಯಂಥ ಕೆಂಪು ಗೆರೆ. ನೀರು ಬಿಸಿಯಾದಷ್ಟೂ ಗೆರೆ ಏರುತ್ತದೆ. ಕಾಂಜೂರ್ ಕಡೆಯ ಫ್ಯಾಕ್ಟರಿಗಳ ಲಾರಿಗಳು ಹಾರನ್ ಬಜಾಯಿಸುತ್ತ ಪಕ್ಕದಲ್ಲಿ ಹೋದಾಗ ಬಂದ ಗಾಳಿಯೇ ಅದಕ್ಕೆ ಗಾಳಿ. ಉಳಿದಂತೆ ನಡಿಗೆಯ ವೇಗ.

"ಬಂಡೆಪ್ಪಣ್ಣಾ, ಸ್ವಲ್ಪ ಜೋರ್ ಬಿಡ್ಲೇನ್ರಿ? ಭಜನಿಯವ್ರು ಬಸ್ ಹಿಡದು ಮುಂದ ಬರ್ಲಿ."

"ಹೆಣಾ ಓಡಿಸ್ಕೊಂಡು ಒಯ್ತೀಯೇನಲೇ? ರೇಸ್ ಅದೇನು? ಮಿಸ್ತ್ರಿ ಜಲ್ಮದಾಗ ಒಂದ ಸಲ ಸಾಹೇಬ್ರಂಗ ಹೊಂಟಾನ. ನಾಲ್ಕ ಮಂದಿ ನೋಡ್ಲಿ."

ನಾಲ್ಕು ಮಂದಿ ನೋಡುತ್ತಲೇ ಇದ್ದರು. ಬಸ್ಸಿನ ಕಿಟಕಿಗಳಿಂದ, ಹೋಟೆಲಿನ ಮೆಟ್ಟಿಲಿನಿಂದ. ಒಬ್ಬ ಯಾವನೋ ಕೂತ ಮನುಷ್ಯನನ್ನು ಸಾಧು ಎಂದು ತಿಳಿದು ಕೈಮುಗಿದ. ಗೊತ್ತಾದ ಮೇಲೆ ಥೂ ಎಂದು ಉಗುಳಿ ಹಿಂದೆ ಸರಿದ. ಚಂದ್ರಾಮ ಇಳಿದು ಅವನ ಹಲ್ಲು ಉದುರಿಸಬೇಕೆಂದುಕೊಂಡ. ಇಳಿಯುವಂತಿರಲಿಲ್ಲ. ಈ ಊರು ಮನುಷ್ಯನ ಬೆವರನ್ನು ಇಪ್ಪತ್ತೆರಡು ವರ್ಷ ನೆಕ್ಕುತ್ತದೆ, ಕೊನೆಗೆ ಅವನು ಕೂತುಕೊಳ್ಳಲು ಎರಡು ಮೊಳ ಒಣಗಿದ ಮಣ್ಣು ಕೇಳಿದರೆ ಸಮುದ್ರದ ಕಡೆ ಕೈ ತೋರಿಸುತ್ತದೆ.

ಕೆಂಪು ಗೆರೆ ಗೂಡಿನ ಅರ್ಧ ದಾಟಿತು.

"ಎಷ್ಟ ಹಗುರ ಹೊಂಟೈತಿ," ದಾನವ್ವ ಬಾಗಿಲ ಮೇಲಿನ ಕೈಯಿಂದ ಬಾನೆಟ್ಟಿನ ಕಡೆ ತೋರಿಸಿ ಅಂದಳು. "ಅವ್ರು ಹೇಳ್ತಿದ್ರು, ಇದರ ದನಿ ಮನುಷ್ಯಾರ ದನಿ ಇದ್ಹಾಂಗ ಅಂತ."

ಚಂದ್ರಾಮ ಮತ್ತೆ ಗೆರೆಯ ಕಡೆ ನೋಡಿದ. ಈಗಲೇ ಹೇಳಿಬಿಟ್ಟರೆ? ಗಾಡಿ ನಿಲ್ಲಿಸಿ, ಎರಡು ನಟ್ಟು ಬಿಚ್ಚಿ, ಆ ಬಿಲ್ಲೆಯನ್ನು ಕಿತ್ತೆಸೆದರೆ ಅರ್ಧ ತಾಸು. ಆದರೆ ಅದೇನೆಂದು ಕೇಳುತ್ತಾರೆ. ಯಾರು ಹಾಕಿದರೆಂದು ಕೇಳುತ್ತಾರೆ. ದಾನವ್ವ ಪಕ್ಕದಲ್ಲೇ ನಡೆಯುತ್ತಿದ್ದಾಳೆ. ಇನ್ನು ಮೂರೇ ಮೈಲಿ. ತಡೆದೀತು. ತಡೆಯಬೇಕು.

ಘಾಟಕೋಪರ್‌ನಲ್ಲಿ ಎದುರಿನಿಂದ ಮದುವೆಯ ಬ್ಯಾಂಡು ಬಂತು. ಎರಡು ಮೆರವಣಿಗೆಗಳು ಮುಖಾಮುಖಿ ನಿಂತವು. ಯಾರು ಮೊದಲು ಸರಿಯಬೇಕೆಂದು ಪೋಲೀಸನ ಮುಂದೆ ವಾದ. ಹನ್ನೆರಡು ನಿಮಿಷ ಮುದುಕಿ ನಿಂತಲ್ಲೇ ಗುರುಗುಟ್ಟಿತು.

*

ಮಿಸ್ತ್ರಿ ಮಾರ್ಚ್‌ನಲ್ಲಿ ಹಾಸಿಗೆ ಹಿಡಿದ. ಎದೆಯೊಳಗೆ ನೀರು ತುಂಬಿದೆ ಎಂದರು ಆಸ್ಪತ್ರೆಯಲ್ಲಿ; ತೆಗೆದರು, ಮತ್ತೆ ತುಂಬಿತು. ಮುದುಕಿ ಚಂದ್ರಾಮನ ಪಾಲಿಗೆ ಬಂದಳು.

ಶೇಟ್‌ಗೆ ಒಂದೇ ದೂರು: ಬೆಳಿಗ್ಗೆ ವರಳಿ ಸಮುದ್ರದ ಗಾಳಿಯಲ್ಲಿ ಗಾಡಿ ಬೆಚ್ಚಗಾಗಲು ಕಾಲು ತಾಸು ಬೇಕು, ಅಲ್ಲಿಯವರೆಗೆ ಕೆಮ್ಮುತ್ತದೆ. ಮಿಸ್ತ್ರಿಯನ್ನು ಕೇಳಿದ್ದರೆ, "ಕೆಮ್ಮಲಿ, ವಯಸ್ಸಾಗೈತಿ" ಎನ್ನುತ್ತಿದ್ದ. ಚಂದ್ರಾಮ ಕೇಳಲಿಲ್ಲ. ಹೊಸ ಗಾಡಿಗಳಲ್ಲೆಲ್ಲ ಥರ್ಮೋಸ್ಟಾಟ್ ಇರುತ್ತದೆ. ನೀರು ಬಿಸಿಯಾಗುವವರೆಗೆ ದಾರಿ ಮುಚ್ಚಿರುತ್ತದೆ, ಬಿಸಿಯಾದ ಮೇಲೆ ತಾನೇ ತೆರೆಯುತ್ತದೆ. ಎಂಥ ಜಾಣ ವಸ್ತು! ಗ್ಯಾರೇಜಿನ ಉಳಿದವರು ಅವನನ್ನು ಲೋಟಾವಾಲಾನ ಚೇಲಾ ಎಂದು ಕರೆಯುತ್ತಿದ್ದರು. ಈ ಮುದುಕಿಗೆ ಹೊಸ ಬುದ್ಧಿ ಕಲಿಸಿ ತೋರಿಸುತ್ತೇನೆ ಎಂದುಕೊಂಡ. ಮಾರುಕಟ್ಟೆಯಿಂದ ಹೊಸ ಗಾಡಿಯದೊಂದು ಹಿತ್ತಾಳೆಯ ಬಿಲ್ಲೆ ತಂದ. ಅಂಚು ದೊಡ್ಡದಾಯಿತು, ಎರಡು ದಿನ ಅರ ಹಿಡಿದು ತಿಕ್ಕಿ ಬಾಯಿಗೆ ಸರಿಯಾಗಿ ಕೂರಿಸಿದ. ಕೈಕೆಲಸದಲ್ಲಿ ಕುಂದೇನೂ ಇರಲಿಲ್ಲ. ತೆರೆದರೂ ಅದರ ಕಿರಿದಾದ ಸಂದಿಯಲ್ಲಿ ಪಂಪು ನೂಕದ ನೀರು ಸಾಕಷ್ಟು ಹಾಯಲಾರದು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನ ಶೇಟ್ ವರಳಿಯಿಂದ ತಿರುಗಿ ಬಂದವನು ಬೆನ್ನು ತಟ್ಟಿದ. "ಏಕದಮ್ ಗರಮ್! ತೂ ತೋ ಉಸ್ತಾದ್ ನಿಕಲಾ." ಹುಟ್ಟಿದಾಗಿನಿಂದ ಯಾರೂ ಅವನಿಗೆ ಹಾಗೆ ಅಂದಿರಲಿಲ್ಲ.

ಗಾಡಿಯನ್ನು ಪಾರ್ಕ್‌ಸೈಟಿಗೆ ತಂದು ಮಿಸ್ತ್ರಿಗೆ ತೋರಿಸಬೇಕೆನ್ನಿಸಿದ್ದು ಅದಕ್ಕೇ. ದಾನವ್ವನ ಹೆಗಲು ಹಿಡಿದು ಮಿಸ್ತ್ರಿ ಚಾಳಿನ ಮೆಟ್ಟಿಲು ಇಳಿದ. ಇಂಜಿನ್ ತಣ್ಣಗಾಗಲು ಬಿಟ್ಟು, ಮತ್ತೆ ಚಾಲೂ ಮಾಡಿಸಿ, ಬಾನೆಟ್ ಎತ್ತಿಸಿ ಮೇಲಿನ ಪೈಪಿನ ಮೇಲೆ ಅಂಗೈ ಇಟ್ಟು ನಿಂತ. ಒಂದು ನಿಮಿಷ. ಎರಡು. ನಾಲ್ಕು. ನೀರಿನ ದಾರಿ ತೆರೆದಿದ್ದರೆ ಪೈಪು ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬರಬೇಕು. ಇಂಜಿನ್ ಕಾವೇರಿತ್ತು, ಪೈಪು ತಣ್ಣಗಿತ್ತು.

"ಬಾಯಾಗ ಏನರ ಹಾಕೀಯೇನು?"

ಕೇಳಿದ ರೀತಿ ಬಹಳ ಮೆತ್ತಗಿತ್ತು. ಬೈದಿದ್ದರೆ ಚಂದ್ರಾಮ ಹೌದು ಹಾಕೀನಿ ಎಂದು ಎದೆ ಸೆಟೆಸುತ್ತಿದ್ದ.

"ಇಲ್ಲ ಕಾಕಾ."

"ಇಲ್ಲ?"

"ನೀವು ಬಿಟ್ಟಾಂಗ ಐತಿ. ಪೈಪ್ ಅಷ್ಟ ತೊಳದೀನಿ."

ಮಿಸ್ತ್ರಿ ಕೈ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತು, "ಸರಿ" ಎಂದು ದಾನವ್ವನ ಹೆಗಲು ಹುಡುಕಿದ. ಸದ್ಯ, ನಂಬಿದ ಎಂದುಕೊಂಡ ಚಂದ್ರಾಮ. ನಂಬಿದ್ದಕ್ಕೆ ಒಳಗೊಳಗೇ ಸ್ವಲ್ಪ ತಿರಸ್ಕಾರವೂ ಬಂತು.

ಅದು ಹದಿನೈದು ದಿನದ ಹಿಂದಿನ ಮಾತು.

*

ಕುರ್ಲಾದ ರೈಲ್ವೆ ಫಾಟಕ್ ಇನ್ನೂ ಒಂದೂವರೆ ಮೈಲಿ ಇರುವಾಗ ಮುದುಕಿ ಬಾಯಿ ಬಿಟ್ಟಳು. ಮೊದಲು ಒಂದು ಸೀಟಿ, ಮುಚ್ಚಳದ ಅಂಚಿನಿಂದ. ಆಮೇಲೆ ಕುಕ್ಕರಿನಂತೆ ಹಬೆ. ಗಾಜಿನ ಗೂಡು ಬೆಳ್ಳಗಾಗಿ ಒಳಗಿನ ಗೆರೆ ಕಾಣದಾಯಿತು. ಇಂಜಿನ್ ಎರಡು ಸಲ ಗದ್ದರಿಸಿ ನಿಂತಿತು. ಹಬೆಯ ಮೋಡ ಹಿಂದಕ್ಕೆ ಹಾಯ್ದು ಮಿಸ್ತ್ರಿಯ ಮುಖದ ಮೇಲೆ ಹರಿಯಿತು.

ಭಜನೆಯವರು ನಿಂತರು.

"ಕುದಿಯೂದಿಲ್ಲ ಅಂದಿದ್ದೆಲ್ಲಲೇ!" ಬಂಡೆಪ್ಪ ಮೇಲಿನಿಂದ ಜಿಗಿದ. "ನೀರ ತರ್ರಿ ಯಾರರ! ಕೊಡ ತುಂಬ ಸುರೀರಿ!"

"ಮುಟ್ಟಬ್ಯಾಡ್ರಿ! ಕಾದಿದ್ದಕ್ಕ ತಣ್ಣೀರು ಬಿದ್ರ ಇಂಜಿನ್ ಸೀಳ್ತದ."

"ಮತ್ತ ಏನು ಮಾಡಬೇಕು?"

"ಕಾಯಬೇಕು. ಒಂದ ತಾಸರ."

"ಈಗ ಹನ್ನೊಂದಕ್ಕ ಹತ್ತು ಕಮ್ಮಿ! ಒಂದ ತಾಸು ಕಾದ್ರ ಅಲ್ಲಿ ಕುಣಿ ಇರ್ತದೇನು, ಕೆರಿ ಇರ್ತದ! ಬಿಸಲಿನ್ಯಾಗ ನಿನ್ನಿ ಹೆಣಾ ಇಟ್ಕೊಂಡು—" ಬಂಡೆಪ್ಪ ದಾನವ್ವನ ಮುಖ ನೋಡಿ ಉಳಿದದ್ದನ್ನು ನುಂಗಿದ.

ಒಬ್ಬ ಲಾರಿಯವನನ್ನು ಕೈ ತೋರಿಸಿ ನಿಲ್ಲಿಸಿದರು. ಅವನು ಹಿಂದಿನ ಸೀಟಿನ ಕಡೆ ಕಣ್ಣು ಹಾಯಿಸಿ, "ಮಡಾ? ಬೈಠಾ ಹುವಾ? ನಾ ಬಾಬಾ" ಎಂದು ಗೇರು ಹಾಕಿದ. ಟೆಂಪೋದವನು ನಿಲ್ಲಿಸಲೇ ಇಲ್ಲ. ಚಂದ್ರಾಮ ಅದರ ಹಿಂದೆ ಕಲ್ಲು ಬೀಸಿದ. ಯಾರಿಗೂ ತಾಗಲಿಲ್ಲ.

ಆಮೇಲೆ ಅವನಿಗೆ ಏನಾಯಿತೋ. ಸೀಟಿನ ಕೆಳಗಿನ ಪಾನಾ ತೆಗೆದು ಬಾನೆಟ್ ಎತ್ತಿ ಆ ಎರಡು ನಟ್ಟುಗಳ ಮೇಲೆ ಬಿದ್ದ. ಕಾಯುವುದು ಅವನಿಂದ ಆಗದು. ಅರ್ಧ ತಾಸಿನ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ, ಒಳಗಿನದನ್ನು ಕಿತ್ತರೆ ನೀರು ಓಡುತ್ತದೆ, ಒಂದೇ ಹಾರಿಕೆಗೆ ಖಾಡಿ ಮುಟ್ಟಿಸುತ್ತೇನೆ. ಪಾನಾ ಜಾರಿತು. ಪೈಪಿನ ಬುಡ ಸಡಿಲಾದ ಕೂಡಲೇ ಕುದಿವ ನೀರು ಬುಸ್ಸೆಂದು ಚಿಮ್ಮಿ ಬಲ ಅಂಗೈಯನ್ನು ಬೇಯಿಸಿತು. ಹಲ್ಲು ಕಚ್ಚಿ, ಬೆರಳು ಹಾಕಿ ಬಿಲ್ಲೆಯನ್ನು ಕಿತ್ತ. ಅದರೊಂದಿಗೆ ನಡುವಿನ ಪ್ಯಾಕಿಂಗ್ ಕೂಡ ಚೂರುಚೂರಾಗಿ ಬಂತು. ಪ್ಯಾಕಿಂಗ್ ಇಲ್ಲದೆ ಬಾಯಿ ಮುಚ್ಚುವಂತಿಲ್ಲ. ಬಾಯಿ ಮುಚ್ಚದೆ ನೀರು ನಿಲ್ಲುವುದಿಲ್ಲ. ಇನ್ನು ಒಂದು ತಾಸಲ್ಲ, ಒಂದು ದಿನ ಕಾದರೂ ಮುದುಕಿ ಇಲ್ಲಿಂದ ಏಳುವುದಿಲ್ಲ.

"ಏನೋ ಅದು?" ಬಂಡೆಪ್ಪ ಬಗ್ಗಿ ನೋಡಿದ. ಬಿಲ್ಲೆ ಅವನ ಬೆಂದ ಅಂಗೈಯಲ್ಲಿ ಹೊಸ ನಾಣ್ಯದಂತೆ ಮಿರುಗುತ್ತಿತ್ತು. "ಹೊಸಾ ಸಾಮಾನು ಕಂಡಾಂಗ ಆಗ್ತದ?"

"ಏನಿಲ್ಲ. ಕಸ."

ದಾನವ್ವ ಗಾಡಿ ಸುತ್ತಿ ಮುಂದೆ ಬಂದಳು. ಬಿಲ್ಲೆಯನ್ನು ನೋಡಿದಳು. ತೆರೆದು ಬಿದ್ದಿದ್ದ ಇಂಜಿನ್ನಿನ ಬಾಯಿಯನ್ನು, ಪಕ್ಕಕ್ಕೆ ನೇತಾಡುತ್ತಿದ್ದ ಪೈಪನ್ನು ನೋಡಿದಳು. ಆ ಪೈಪಿನ ಮೇಲೆ ಹದಿನೈದು ದಿನದ ಹಿಂದೆ ಒಂದು ಕೈ ಇದ್ದಾಗ ಅವಳೂ ಅಲ್ಲೇ ನಿಂತಿದ್ದಳು. ಪ್ರಶ್ನೆ ಕೇಳಿಸಿಕೊಂಡಿದ್ದಳು. ಉತ್ತರವನ್ನೂ.

"ಆವತ್ತ ಇದರ ಮ್ಯಾಲೆ ಕೈ ಇಟ್ಟು ಬಂದವ್ರು ಎರಡು ದಿನ ಉಣಲಿಲ್ಲ," ಅಂದಳು. "ಬ್ಯಾನಿಗೆ ಅಂತ ತಿಳಕೊಂಡಿದ್ನಿ ನಾ."

ಅಷ್ಟೇ. ಸೆರಗಿನ ಅಂಚು ಹರಿದು ಅವನ ಅಂಗೈಗೆ ಎರಡು ಸುತ್ತು ಸುತ್ತಿ, ಗಂಟು ಹಾಕಿದಳು. ಗಂಟು ಹಾಕುವಾಗ ಅವನ ಮುಖ ನೋಡಲಿಲ್ಲ. ಚಂದ್ರಾಮ "ಕಾಕು" ಎಂದ. ಸಿಟ್ಟಿಗೆ ಎಂದೂ ಕೊರತೆ ಇಲ್ಲದವನು. ಆ ಹೊತ್ತಿನಲ್ಲಿ ಹುಡುಕಿದರೂ ಒಂದು ಹನಿ ಸಿಟ್ಟು ಸಿಗಲಿಲ್ಲ.

"ಬಂಡೆಪ್ಪ," ಅವಳು ತಿರುಗಿ ಕರೆದಳು, "ಆ ಕಟಗಿ ಅಡ್ಡ್ಯಾಗ ಹಾತ್‌ಗಾಡಿ ನಿಂತೈತಿ. ಕೇಳು ಹೋಗು."

*

ಕಟ್ಟಿಗೆ ಹೇರುವ ಕೈಗಾಡಿಯ ಮೇಲೆ ಮಿಸ್ತ್ರಿಯನ್ನು ಮತ್ತೆ ಕಟ್ಟಿದರು. ಒರಗಲು ಸೀಟಿಲ್ಲ, ಇಬ್ಬರು ಎರಡೂ ಕಡೆಯಿಂದ ಭುಜ ಹಿಡಿದು ನಡೆಯಬೇಕು. ಮುದುಕಿಯನ್ನು ಪಾನ್ ಅಂಗಡಿಯವನ ಸುಪರ್ದಿಗೆ ಬಿಟ್ಟರು. ಚಂದ್ರಾಮ ಹಿಂದಿನಿಂದ ಎದೆ ಕೊಟ್ಟು ಗಾಡಿ ತಳ್ಳಿದ. ಓಡಿರೋ ಎಂದು ಬಂಡೆಪ್ಪನೇ ಈಗ ಕೂಗುತ್ತಿದ್ದ. ಗುಂಡಿಗೊಮ್ಮೆ ಗಾಡಿ ಕುಪ್ಪಳಿಸಿದರೆ ಮಿಸ್ತ್ರಿಯ ತಲೆ ಎಲ್ಲದಕ್ಕೂ ಹೌದು ಹೌದು ಎಂಬಂತೆ ಆಡುತ್ತಿತ್ತು.

ಫಾಟಕ್ ಬಿದ್ದಿತ್ತು.

ಒಂದು ಲೋಕಲ್ ಹೋಯಿತು. ಎದುರಿನಿಂದ ಇನ್ನೊಂದು. ಬಂಡೆಪ್ಪ ಗೇಟಿನವನ ಬಳಿ ಹೋಗಿ ಕಾಲು ಹಿಡಿದ, ತಾಯಿ ಮೇಲೆ ಬೈದ, ಮತ್ತೆ ಕಾಲು ಹಿಡಿದ. "ಮಾಲ್‌ಗಾಡಿ ಯೇತೇ, ಥಾಂಬಾ" ಎಂದು ಅವನು ಕಾಯಲು ಕೈಸನ್ನೆ ಮಾಡಿದ. ಮಾಲ್‌ಗಾಡಿ ಬಂದು, ಅರ್ಧ ದಾಟಿ, ಅಡ್ಡಲಾಗಿ ನಿಂತುಬಿಟ್ಟಿತು. ಚಂದ್ರಾಮ ಡಬ್ಬಿಗಳನ್ನು ಎಣಿಸಿದ. ಮೂವತ್ತೊಂದು. ಕೆಳಗೆ ನುಸುಳಿ ಹೋಗುವ ಜನ ನುಸುಳಿ ಹೋಗುತ್ತಿದ್ದರು. ಕೂತವನನ್ನು ನುಸುಳಿಸುವಂತಿರಲಿಲ್ಲ. ಗಾಲಿಗಳ ನಡುವಿನಿಂದ ಆಚೆಗಿನ ರಸ್ತೆ, ರಸ್ತೆಯ ತುದಿಗೆ ಖಾಡಿಯ ಹಸಿರು ಕಾಣುತ್ತಿತ್ತು. ಬಿಸಿಲಿಗೆ ವಿಭೂತಿ ಬಿರಿದು ಮಿಸ್ತ್ರಿಯ ಹಣೆಯಿಂದ ಉದುರತೊಡಗಿತು. ದಾನವ್ವ ಸೆರಗನ್ನು ಅವನ ತಲೆಯ ಮೇಲೆ ಚಪ್ಪರದಂತೆ ಹಿಡಿದು ನಿಂತಳು.

ಮಾಲ್‌ಗಾಡಿ ಅಲುಗಿದ್ದು ಹನ್ನೆರಡಕ್ಕೆ.

ರುದ್ರಭೂಮಿ ಎಂದರೆ ಮುಳ್ಳುತಂತಿಯೊಳಗಿನ ಒಂದು ತುಂಡು ಚೌಳು ನೆಲ. ಖಂಡಪ್ಪ ಎದೆಯವರೆಗೆ ಕುಣಿಯೊಳಗಿದ್ದ. ಡಾಲ್ಡಾದ ಡಬ್ಬಿಯಿಂದ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದ. ಇವರನ್ನು ಕಂಡು ಡಬ್ಬಿ ಕೆಳಗೆ ಬಿಟ್ಟ.

"ಹನ್ನೊಂದೂವರಿ ಅಂದಿದ್ನಿ! ಆ ಹೊತ್ತಿಗೆ ಬಂದಿದ್ರ ಧೂಳಾ ಹಾರ್ತಿತ್ತು ಇಲ್ಲಿ. ಎಲ್ಲಿ ಸತ್ತಿದ್ರಿ?"

ಕುಣಿಯ ತಳದಲ್ಲಿ ಕಪ್ಪು ನೀರು ಮೊಣಕಾಲುದ್ದ ನಿಂತಿತ್ತು. ಒಂದು ಕಡೆಯ ಗೋಡೆ ಹೊಟ್ಟೆ ಉಬ್ಬಿಸಿ ಹಿಸಿಯುತ್ತಿತ್ತು.

"ಮಗನ ಜಾಗಾದಾಗ ಯಾರು? ಒಳಗ ಇಳದು ಹಿಡಕೋಬೇಕು," ಎಂದ ಜಂಗಮಯ್ಯ.

ಚಂದ್ರಾಮ ಇಳಿದ. ಡಬ್ಬಿ ಹಿಡಿದು ತೋಡಿದ. ಹತ್ತು ಡಬ್ಬಿ, ಇಪ್ಪತ್ತು, ನಲವತ್ತು. ನೀರು ಕಣಕಾಲಿಗೆ ಇಳಿಯಿತು. "ಈಗ! ಈಗ ಇಳಿಸ್ರಿ!" ಎಂದು ಕೂಗಿದ. ಮೇಲಿನವರು ಹಲಗೆ ಬಿಚ್ಚಿ, ಕಂಕುಳಿಗೆ ಕೈಕೊಟ್ಟು ಮಿಸ್ತ್ರಿಯನ್ನು ಇಳಿಬಿಟ್ಟರು. ಚಂದ್ರಾಮ ಎದೆಗೆ ಅವಚಿ ಹಿಡಿದ. ಎಷ್ಟು ಹಗುರ! ಆರು ವರ್ಷ ಪಕ್ಕದಲ್ಲಿದ್ದವನನ್ನು ಮುಟ್ಟಿದ್ದು ಇದೇ ಮೊದಲೇನೋ. ಪೂರ್ವಕ್ಕೆ ಮುಖ ಮಾಡಿ ಕೂರಿಸಿದ. ಕೂರಿಸುವಷ್ಟರಲ್ಲಿ ನೀರು ಮಡಚಿದ ಕಾಲುಗಳ ಮೇಲೆ ಬಂದಿತ್ತು.

ಜಂಗಮಯ್ಯ ಮಂತ್ರ ಹೇಳುತ್ತ ವಿಭೂತಿಯ ಉಂಡೆಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟ. ಎದೆಗೆ ಒತ್ತಿ ಪೇರಿಸಬೇಕಾದ ಉಂಡೆಗಳು ತೊಡೆಯ ಮೇಲಿಟ್ಟ ಕೂಡಲೇ ಕರಗಿದವು. ಉಪ್ಪು ಸುರಿದರು, ಅದೂ ಕರಗಿತು. ಕಪ್ಪು ನೀರು ಹಾಲಿನಂತೆ ಬೆಳ್ಳಗಾಗಿ, ಮಿಸ್ತ್ರಿಯ ಹೊಕ್ಕುಳು ಮುಟ್ಟಿ, ಲಿಂಗ ಹಿಡಿದ ಕೈಯನ್ನು ಮುಟ್ಟಿತು.

"ಆತು. ಮ್ಯಾಲೆ ಬಾ," ಬಂಡೆಪ್ಪ ಕೈ ಚಾಚಿದ.

"ತಡೀರಿ. ಒಂದ ನಾಕ ಡಬ್ಬಿ."

"ಅದು ಸಮುದ್ರ ಐತಿ ಹುಚ್ಚಾ. ಬಾ."

ಚಂದ್ರಾಮ ಬೆಳ್ಳನೆಯ ನೀರನ್ನು ತೋಡಿ ಅಂಚಿನಾಚೆ ಚೆಲ್ಲಿದ. ಚೆಲ್ಲಿದ್ದು ಸಡಿಲ ಮಣ್ಣಿನ ಮೇಲೆ ಹರಿದು ತಿರುಗಿ ಕುಣಿಯೊಳಕ್ಕೇ ಇಳಿಯಿತು. ಮತ್ತೆ ತೋಡಿದ. ಅಂಗೈಗೆ ಸುತ್ತಿದ್ದ ಸೆರಗಿನ ಚೂರು ಬಿಚ್ಚಿಕೊಂಡು ನೀರಿನ ಮೇಲೆ ತೇಲಿತು. ಮೇಲೆ ದಾನವ್ವ ಏನೋ ಅಂದಳು. ಯಾರೋ ಸಲಿಕೆ ಎತ್ತಿದರು. ಮೊದಲ ಬುಟ್ಟಿ ಮಣ್ಣು ಇಬ್ಬರ ಬೆನ್ನಿನ ಮೇಲೂ ಬಿತ್ತು.

ಅವನು ಡಬ್ಬಿಯನ್ನು ಮತ್ತೆ ಮುಳುಗಿಸಿದ.